ಸರ್ವರಬೇಗಂಳನ್ನು ಕಾಲೇಜಿಗೆ ಕಳಿಸುವ ವಿಚಾರ

ಜೇವರ್ಗಿ
ಜೂನ್ ೧೯೯೪

ಪ್ರೀತಿಯ ಗೆಳತಿ ಶಮಶಾದ,

ಸರ್ವರಬೇಗಂ ಹತ್ತನೇ ತರಗತಿ ಪಾಸಾದ ಸುದ್ದಿ ಓದಿ ನಮ್ಮ ಪ್ರೆಸ್ಸಿನವರಿಗೆಲ್ಲ ಪೇಢೆ ಹಂಚಿದೆ. ನಾವಿಬ್ಬರೂ ಇಲ್ಲಿ ಕೂಡಿ ಕೆಲಸ ಮಾಡುವಾಗ ಮೇಜಿನ ಕೆಳಗೆ ಬಣ್ಣದ ಕಾಗದದ ಚೂರು ಹರಡಿಕೊಂಡು ಆಡುತ್ತಿದ್ದ ಹುಡುಗಿ ಅವಳು. ನಿನ್ನ ಮಗಳು ಎಂದು ಬೇರೆಯಾಗಿ ನೆನೆಯಲು ನನಗೆ ಬರುವುದಿಲ್ಲ. ಆದರೆ ಸುದ್ದಿಯ ಬೆನ್ನಿಗೇ ನೀನು ಬರೆದ ಪ್ರಶ್ನೆಗೆ ಕೂಡಲೇ ಉತ್ತರಿಸಲಾಗಲಿಲ್ಲ. "ಹುಡುಗಿ ಕೈ ಚಲೋ ಅದ. ಗುಲಬರ್ಗಾದಾಗ ಕಾಲೇಜಿಗೆ ಹಾಕಿ ಡಿಸೈನ್ ಕಲಿಸಲೇನು, ಇಲ್ಲಾ ಅಫಜಲಪುರದಾಗ ನನ್ನ ಅಂಗಡ್ಯಾಗೇ ಕೂಡಿಸಿಕೊಳ್ಳಲೇನು? ನೀ ಎರಡೂ ನೋಡೀದಿ, ನೀನೇ ಹೇಳು" ಎಂದು ಬರೆದಿದ್ದೀ. ಹೌದು, ಎರಡನ್ನೂ ನೋಡಿದ್ದೇನೆ. ಒಂದನ್ನು ನನ್ನ ಬದುಕಿನಲ್ಲಿ, ಇನ್ನೊಂದನ್ನು ನಿನ್ನ ಬದುಕಿನಲ್ಲಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಾವಕಾಶ ಓದು.

ಆಳಂದದಲ್ಲಿ ನಿಮ್ಮಪ್ಪನ ಬೋರ್ಡು ಬರೆಯುವ ಅಂಗಡಿ ಇತ್ತಲ್ಲ, ಅದರ ಹಿಂದಿನ ನಿಮ್ಮ ಅಂಗಳವೇ ನನ್ನ ಮೊದಲ ಶಾಲೆ. ನನ್ನಪ್ಪ ಭಗವಂತ ಬೋರ್ಡುಗಳಿಗೆ ತಗಡು ಬಡಿದು ಕಟ್ಟಿಗೆಯ ಚೌಕಟ್ಟು ಕೂಡಿಸಿ ತಂದುಕೊಡುತ್ತಿದ್ದ. ನಾನು ಅವನ ಬೆನ್ನು ಹತ್ತಿ ಬರುತ್ತಿದ್ದೆ. ನಿಮ್ಮಪ್ಪ ಗೌಸಮೊಹಿದ್ದೀನ ಚಾಚಾ ನಮ್ಮಿಬ್ಬರಿಗೂ ಒಂದೇ ಹಲಗೆಯ ಮೇಲೆ, ನೀರಲ್ಲಿ ಅದ್ದಿದ ಕುಂಚದಿಂದ ಅಕ್ಷರ ತಿದ್ದಿಸುತ್ತಿದ್ದರು. ಎಡಗಡೆ ಕನ್ನಡ, ಬಲಗಡೆ ಉರ್ದು. ತಲೆಕಟ್ಟನ್ನು ನೀನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದೆ, ನಾನು ನಡುವೆ ಒಮ್ಮೆ ತಡೆಯುತ್ತಿದ್ದೆ. "ದ್ರೌಪದಿ, ನೀ ಭಾಳ ವಿಚಾರ ಮಾಡ್ತಿ" ಎಂದು ಚಾಚಾ ನಗುತ್ತಿದ್ದರು.

ನಾನು ಮ್ಯಾಟ್ರಿಕ್ ಮುಗಿಸಿದಾಗ ಗುಲಬರ್ಗಾದಲ್ಲಿ ಚಿತ್ರಕಲೆ ಕಲಿಸುವ ಶಾಲೆಯಿದೆ ಎಂಬುದೂ ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ. ಚಾಚಾನೇ ನಮ್ಮ ಓಣಿಗೆ ಬಂದು ಅಪ್ಪನ ಎದುರು ಕೂತರು. "ಭಗವಂತ, ನಿನ್ನ ಮಗಳಿಗಿ ಸ್ಕಾಲರ್‌ಶಿಪ್ ಸಿಗ್ತದ. ಕಮರ್ಷಿಯಲ್ ಆರ್ಟ್ ಕಲಿತಳಂದ್ರ ಎಲ್ಲಿ ಹೋದ್ರೂ ನೌಕರಿ ಅದ. ನಾನೇ ಕರಕೊಂಡ ಹೋಗ್ತೇನಿ" ಎಂದರು. ಅಪ್ಪ, "ಮತ್ತ ನಿಮ್ಮ ಶಮಶಾದ್‌ರಿ?" ಎಂದು ಕೇಳಿದ. "ಆಕಿಂದು ಮದುವಿ ಮಾತ ನಡದದ" ಎಂದು ಚಾಚಾ ಎದ್ದುಬಿಟ್ಟರು. ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು ನನ್ನ ಚೀಲಕ್ಕೆ ನಿನ್ನ ಕುಂಚಗಳಲ್ಲಿ ಎರಡನ್ನು ತುರುಕಿದೆ. ನಾನು ಏನೂ ಕೇಳದೆ ಬಸ್ಸು ಹತ್ತಿದೆ.

ಮುಂದಿನದನ್ನು ನೀನೇ ಬಲ್ಲೆ. ಆದರೂ ಬರೆಯುತ್ತೇನೆ, ಸರ್ವರ ಇದನ್ನು ಓದಲಿ ಎಂಬ ಆಸೆಯಿಂದ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಜ್ವರ ಬಂದು ನಿನ್ನ ಗಂಡ ತೀರಿಹೋದ, ನೀನು ಎದೆಹಾಲಿನ ಕೂಸನ್ನು ಎತ್ತಿಕೊಂಡು ತವರಿಗೆ ಬಂದೆ. ಆ ಹೊತ್ತಿಗೇ ಚಾಚಾನ ಬಲಗೈ ನಡುಗಲು ಶುರುವಾಗಿತ್ತು. ನಾನು ಡಿಪ್ಲೊಮಾ ಮುಗಿಸಿ, ಇಲ್ಲಿ ಜೇವರ್ಗಿಯ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಒಮ್ಮೆ ಊರಿಗೆ ಬಂದಾಗ ನಿಮ್ಮ ಅಂಗಳದಲ್ಲಿ ಬಸವಂತರಾಯರ ಬಟ್ಟೆ ಅಂಗಡಿಯ ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತು ನೀನು ಹಳದಿ ಅಕ್ಷರಗಳಿಗೆ ಕೆಂಪು ನೆರಳು ಕೊಡುತ್ತಿದ್ದೆ. ನಿಮ್ಮ ತಾಯಿ ಹುಸೇನಬೀ ಚಾಚಿ ನನ್ನ ಕೈ ಹಿಡಿದು, "ಯಾರ ಮುಂದೂ ಹೇಳಬ್ಯಾಡ ನಮ್ಮವ್ವ. ಹೆಣ್ಣಮಗಳು ಬರೀತಾಳಂದ್ರ ಗಿರಾಕಿ ಬರಂಗಿಲ್ಲ" ಎಂದರು. ಬೋರ್ಡು ಒಣಗಿದ ಮೇಲೆ ಮೂಲೆಯಲ್ಲಿ 'ಗೌಸ್' ಎಂದು ಸಹಿ ಹಾಕಿದ್ದೂ ನೀನೇ. ಅಂಗಡಿಗೂ ಅಂಗಳಕ್ಕೂ ನಡುವೆ ಒಂದು ಪರದೆ. ಮುಂದೆ ಚಾಚಾ ಗಿರಾಕಿಗಳೊಂದಿಗೆ ಮಾತಾಡುತ್ತಿದ್ದರು, ಹಿಂದೆ ನೀನು ಬರೆಯುತ್ತಿದ್ದೆ. ಹೀಗೆ ವರ್ಷಗಳೇ ಕಳೆದವು.

ಆಮೇಲೆ ನಮ್ಮ ಪ್ರೆಸ್ಸಿಗೆ ಆಫ್‌ಸೆಟ್ ಯಂತ್ರ ಬಂತು. ಬೇಳೆಯ ಚೀಲ, ಬೀಜದ ಪೊಟ್ಟಣ, ಲಗ್ನಪತ್ರಿಕೆ ಎಂದು ಕೆಲಸ ಉಕ್ಕಿತು. ಇನ್ನೊಬ್ಬರು ಡಿಸೈನರ್ ಬೇಕೆಂದು ಮಾಲೀಕರಾದ ದೌಲತರಾಯರು ಹೇಳಿದಾಗ ನಾನು ನಿನ್ನ ಹೆಸರು ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಆದರೆ ತೊಗರಿ ವ್ಯಾಪಾರದಿಂದ ಬಂದವರು, ಕೈಯಲ್ಲಿ ಹಿಡಿದು ನೋಡದೆ ಏನನ್ನೂ ಕೊಳ್ಳುವವರಲ್ಲ.

"ಡಿಪ್ಲೊಮಾ ಅದ ಏನ್ರಿ ಆಕಿಂದು?"

"ಇಲ್ರಿ. ಏಳೆಂಟು ವರ್ಷದ ಅನುಭವ ಅದ್ರಿ."

"ಎಲ್ಲಿ ಕೆಲಸ ಮಾಡ್ಯಾರ? ಯಾರ ಹಂತ್ಯಾಕ?"

ನಾನು ನಿನ್ನ ಎರಡು ಚಿತ್ರಗಳನ್ನು ಅವರ ಮುಂದಿಟ್ಟೆ. ಅವನ್ನು ಅವರು ಮೆಚ್ಚಿದರು. ಆದರೆ, "ಒಂದು ಚಲೋ ಚಿತ್ರ ಯಾರರೆ ಬರದಾರು. ಅನುಭವ ಅಂದ್ರ ದಿನಾ ಬರ್ಯೂದು, ಹೇಳಿದ ದಿನಕ್ಕ ಕೊಡೂದು. ಅದಕ್ಕ ಸಾಕ್ಷಿ ಏನ್ರಿ?" ಎಂದರು. ಅವರು ಕೇಳಿದ್ದು ತಪ್ಪಲ್ಲ. ನನ್ನ ಕಲಿಕೆಗೆ ಮುದ್ರೆ ಹಾಕಿದ ಕಾಗದವಿತ್ತು. ನಿನ್ನ ದುಡಿಮೆ ಊರಿನ ಪ್ರತಿ ಅಂಗಡಿಯ ನೆತ್ತಿಯ ಮೇಲಿತ್ತು, ಆದರೆ ಬೇರೆಯವರ ಹೆಸರಿನಲ್ಲಿತ್ತು.

ಬೀಜದ ವ್ಯಾಪಾರಕ್ಕೆಂದು ಅವರು ಆಳಂದಕ್ಕೆ ಹೊರಟ ದಿನ ನಾನೂ ಜೀಪಿನಲ್ಲಿ ಕೂತೆ. ಬಜಾರಿನ ಬೋರ್ಡುಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಎಲ್ಲದರ ಮೂಲೆಯನ್ನೂ ನೋಡಿ, "ಇವೆಲ್ಲಾ ಗೌಸ್ ಪೇಂಟರ್ ಬರದಿದ್ದಲ್ಲೇನ್ರಿ?" ಎಂದರು. ಕೊನೆಗೆ ನಿಮ್ಮ ಅಂಗಡಿಯ ಮುಂದೆ ಬಂದು ನಿಂತೆವು. ಎದುರು ಅಂಗಡಿಯ ಬಸವಂತರಾಯರೂ ಅಲ್ಲೇ ಹರಟೆಗೆ ಕೂತಿದ್ದರು. ದೌಲತರಾಯರು ನೇರವಾಗಿ ಕೇಳಿಬಿಟ್ಟರು: "ನಿಮ್ಮ ಮಗಳು ಬೋರ್ಡ್ ಬರೀತಾರಂತ, ಖರೇ ಏನ್ರಿ?"

ಚಾಚಾ ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದ ಮುಂದೆ, ಯಾಕಾದರೂ ಬಂದೆನೋ ಅನ್ನಿಸಿತು. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಅವರ ಹೆಸರು ಉಳಿಯುತ್ತಿತ್ತು, ಗಿರಾಕಿಗಳು ಉಳಿಯುತ್ತಿದ್ದರು. ಅವರು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟರು. ಅದು ಮೇಜಿನ ಮೇಲೂ ನಿಲ್ಲಲಿಲ್ಲ.

"ಈ ಕೈ ನೋಡ್ರಿ ಸಾಹೇಬ್ರ. ಈ ಕೈಲೆ ಚಾ ಕುಡಿಲಾಕ ಬರಂಗಿಲ್ಲ, ಅಕ್ಷರ ಹ್ಯಾಂಗ ಬರೀಲಿ? ಬಸವಂತರಾಯರ ಬೋರ್ಡ್, ದವಾಖಾನಿ ಬೋರ್ಡ್, ಬಸ್‌ಸ್ಟ್ಯಾಂಡಿಂದು, ಎಲ್ಲಾ ನನ್ನ ಮಗಳೇ ಬರದಾಳ. ನಾ ಸಹಿ ಸುದ್ದಾ ಹಾಕಿಲ್ಲ."

ಪರದೆಯ ಹಿಂದಿನಿಂದ ಚಾಚಿ, "ಮರ್ಯಾದಿ ಹೋಗ್ತದ, ಸುಮ್ಮನಿರ್ರಿ" ಎಂದರು. ಚಾಚಾ ತಿರುಗದೆಯೇ ಹೇಳಿದರು: "ಇಷ್ಟು ದಿನ ನನ್ನ ಮರ್ಯಾದಿ ಆಕಿ ಕೈಯಾಗೇ ಇತ್ತು. ಶಮಶಾದ, ಹೊರಗ ಬಾ ಬೇಟಿ."

ನೀನು ಬಣ್ಣದ ಕೈಯಲ್ಲೇ ಬಂದೆ. ದೌಲತರಾಯರು ಅಕ್ಷರದ ಬಗ್ಗೆ ಏನೇನೋ ಕೇಳಿದರು, ನೀನು ಹೇಳಿದೆ. ಮುಂದಿನ ತಿಂಗಳು ಬರಲು ತಿಳಿಸಿ ಅವರು ಜೀಪಿನ ಕಡೆ ನಡೆದರು. ಆಗ ನೀನು ನನ್ನ ಹತ್ತಿರ ಬಂದು ಕೆಳದನಿಯಲ್ಲಿ, "ಅಬ್ಬಾಗ ಮಂದಿ ಮುಂದ ಕೈ ತೋರಸೋಹಂಗ ಮಾಡಿದಿ" ಎಂದೆ.

ಆ ದಿನ ಹರಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ ಬಸವಂತರಾಯರು ವಾರದ ಮೇಲೆ ಬಂದರಲ್ಲ, ಅದನ್ನು ನೆನೆದರೆ ಮನಸ್ಸು ಹಗುರಾಗುತ್ತದೆ. ಅಂಗಡಿಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದೇನೆ, ಈ ಸಲ ತಗಡು ಬೇಡ, ಗೋಡೆಯ ಮೇಲೆಯೇ ಬರೆಯಬೇಕು ಎಂದರಂತೆ. ಗೋಡೆಯನ್ನು ಅಂಗಳಕ್ಕೆ ಒಯ್ಯಲು ಬರುವುದಿಲ್ಲ. ಬೆಳಗಿನ ಬಜಾರಿನಲ್ಲಿ ನೀನು ಏಣಿ ಹತ್ತಿದೆ, ಚಾಚಾ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ನೋಡಲು ನಿಂತವರಲ್ಲಿ ಕೆಲವರು ನಕ್ಕರಂತೆ. ಅಕ್ಷರಗಳು ಮೂಡುತ್ತ ಹೋದಂತೆ ಮಾತು ನಿಂತಿತಂತೆ. ನಾನು ಅಲ್ಲಿರಲಿಲ್ಲ. ಅಪ್ಪ ನೋಡಿ ಬಂದು ನನಗೆ ಹೇಳಿದ್ದು.

ಹಾಗಾದರೆ ಅನುಭವವೇ ದೊಡ್ಡದು ಎಂದು ಬರೆದು ಮುಗಿಸಬಹುದಿತ್ತು. ಆದರೆ ಪ್ರೆಸ್ಸಿನಲ್ಲಿ ನಿನ್ನ ಮೊದಲ ಲೇಬಲ್ ನೆನಪಿದೆಯಲ್ಲ? ಬೋರ್ಡಿನಷ್ಟು ದೊಡ್ಡ ಹಾಳೆಯ ಮೇಲೆ ಎಷ್ಟು ಚೆಂದ ಬರೆದಿದ್ದೆ. ಅಂಗೈಯಗಲಕ್ಕೆ ಇಳಿಸಿ ಅಚ್ಚು ಹಾಕಿದಾಗ ಸಣ್ಣ ಗೆರೆಗಳೆಲ್ಲ ಮಸಿ ತುಂಬಿ ಮುಚ್ಚಿಹೋದವು. ಗಂಟು ಗಂಟು ಕಾಗದ ಹಾಳಾಯಿತು, ದೌಲತರಾಯರು ಎರಡು ದಿನ ನಮ್ಮಿಬ್ಬರ ಕಡೆಯೂ ನೋಡಲಿಲ್ಲ. ಕಾಲೇಜಿನಲ್ಲಿ ನನಗೆ ಮೊದಲ ವರ್ಷವೇ ಕಲಿಸಿದ್ದ ಪಾಠ ಅದು. ನಾನು ಹೇಳಿಕೊಟ್ಟೆ, ನೀನು ಮೂರು ದಿನ ಮುನಿಸಿಕೊಂಡೆ, ಆಮೇಲೆ ಕಲಿತೆ. ಹಾಗೆಯೇ ಕೀಟನಾಶಕದ ಬಗ್ಗೆ ರೈತರಿಗೆ ಎಚ್ಚರಿಕೆ ಕೊಡಲು ನಾನೊಂದು ಪೋಸ್ಟರ್ ಮಾಡಿದೆ. ತುಂಬ ಖಾಲಿ ಜಾಗ, ಮೂಲೆಯಲ್ಲಿ ಪುಟ್ಟ ಅಕ್ಷರ. ಕಾಲೇಜಿನಲ್ಲಾಗಿದ್ದರೆ ಬಹುಮಾನ ಬರುತ್ತಿತ್ತು. ಅತನೂರ ಹಳ್ಳಿಯ ಗೋಡೆಯ ಮೇಲೆ ಅದನ್ನು ನೋಡಿ ನೀನು, "ಗಾಡಿ ಮ್ಯಾಲ ಕೂತ ಹೊಂಟವ ಇದನ್ನ ಯಾವಾಗ ಓದಬೇಕು?" ಎಂದೆ. ಇಬ್ಬರೂ ಕೂಡಿ ಮತ್ತೆ ಮಾಡಿದೆವು. ಆ ಪ್ರೆಸ್ಸಿನ ವರ್ಷಗಳಲ್ಲಿ ನಾವು ಜಗಳಾಡದ ವಾರವಿಲ್ಲ. ಆ ಜಗಳಗಳಿಂದಲೇ ನಾನು ಅರ್ಧ ಕಸುಬು ಕಲಿತೆ.

ಈಗ ನನ್ನ ಅಭಿಪ್ರಾಯ. ಸರ್ವರಳನ್ನು ಕಾಲೇಜಿಗೆ ಕಳಿಸು. ಅಲ್ಲಿ ಕೈ ತಿದ್ದುತ್ತಾರೆಂದಲ್ಲ, ಕೈಯನ್ನು ನೀನೇ ತಿದ್ದಿದ್ದೀ. ಮುಂದೆ ಯಾವನೋ ಮಾಲೀಕ ಸಾಕ್ಷಿ ಕೇಳಿದರೆ ಅವಳ ಪರವಾಗಿ ಯಾರೂ ಬಜಾರಿನಲ್ಲಿ ತಮ್ಮ ನಡುಗುವ ಕೈ ತೋರಿಸುವಂತಾಗಬಾರದು. ರಜೆಯಲ್ಲೆಲ್ಲ ನಿನ್ನ ಅಂಗಡಿಯಲ್ಲಿ ದುಡಿಯಲಿ. ಘತ್ತರಗಿಯ ಗುಡಿಗೆ ಹೋಗುವ ದಾರಿಯ ಹೂವಿನಂಗಡಿಗಳ ಬೋರ್ಡುಗಳನ್ನು ಅವಳಿಗೇ ಬಿಡು.

ಇಷ್ಟು ಬರೆದು ನಿನ್ನ ಪತ್ರವನ್ನು ಮತ್ತೊಮ್ಮೆ ಓದಿದೆ. ಓದುತ್ತಿದ್ದಾಗ, ಚಾಚಾ ತೀರಿಕೊಂಡ ವರ್ಷ ನಾವಿಬ್ಬರೂ ಆಳಂದದಿಂದ ಬಸ್ಸಿನಲ್ಲಿ ಬರುತ್ತಿದ್ದುದು ನೆನಪಾಯಿತು. ಅವತ್ತು ನಾನು ಧೈರ್ಯ ಮಾಡಿ, "ಚಾಚಾ ನನ್ನ ಕಾಲೇಜಿಗೆ ಒಯ್ದ್ರು, ನಿನ್ನ ಒಯ್ಯಲಿಲ್ಲ. ನಿನಗ ಸಿಟ್ಟು ಬಂದಿತ್ತೇನು?" ಎಂದು ಕೇಳಿದ್ದೆ. ನೀನು ಕಿಟಕಿಯ ಹೊರಗಿನ ತೊಗರಿ ಹೊಲ ನೋಡುತ್ತ ಹೇಳಿದೆ: "ನನಗ ಕಾಲೇಜ್ ಬ್ಯಾಡಾಗಿತ್ತು ದ್ರೌಪದಿ. ಅಂಗಡ್ಯಾಗ ಕೂಡಬೇಕಂತಿತ್ತು, ಮುಂದಿನ ಬಾಗಿಲಿಗಿ. ಯಾರೂ ಕೇಳಲೇ ಇಲ್ಲ."

ಮರುವರ್ಷ ನೀನು ಪ್ರೆಸ್ಸು ಬಿಟ್ಟು ಅಫಜಲಪುರದಲ್ಲಿ ಅಂಗಡಿ ತೆರೆದಾಗ ಎಲ್ಲರಿಗೂ ಆಶ್ಚರ್ಯವಾಯಿತು, ನನಗಾಗಲಿಲ್ಲ.

ಶಮಶಾದ, ನಿನ್ನ ಎರಡು ಹಾಳೆಯ ಪತ್ರದಲ್ಲಿ ಸರ್ವರಳ ಕೈಯ ಬಗ್ಗೆ ಇದೆ, ಮಾರ್ಕುಗಳ ಬಗ್ಗೆ ಇದೆ, ಮಂದಿ ಏನೆನ್ನುತ್ತಾರೆ ಎಂಬುದೂ ಇದೆ. ಅವಳು ಏನೆನ್ನುತ್ತಾಳೆ ಎಂಬುದು ಮಾತ್ರ ಎಲ್ಲೂ ಇಲ್ಲ. ನನ್ನ ಅಭಿಪ್ರಾಯವನ್ನು ಸದ್ಯಕ್ಕೆ ಮಡಚಿಡು. ಚಾ ಮಾಡಿಕೊಂಡು ಅವಳನ್ನು ಎದುರಿಗೆ ಕೂಡಿಸಿಕೊಂಡು ಕೇಳು. ಅವಳು ಕಾಲೇಜು ಎಂದರೆ ಗುಲಬರ್ಗಾಕ್ಕೆ ನಾನೇ ಕರೆದೊಯ್ಯುತ್ತೇನೆ. ಅಂಗಡಿ ಎಂದರೆ ನಿನ್ನ ಪಕ್ಕ ಇನ್ನೊಂದು ಕುರ್ಚಿ ಹಾಕು. ಇವೆರಡೂ ಅಲ್ಲದ ಮೂರನೆಯದನ್ನು ಹೇಳಿದರೂ ಸಿಟ್ಟಿಗೇಳಬೇಡ, ಕೇಳಿಸಿಕೊಂಡು ನನಗೆ ಬರೆ.

ಹುಸೇನಬೀ ಚಾಚಿಗೆ ನನ್ನ ಸಲಾಮು ತಿಳಿಸು. ಸರ್ವರಬೇಗಂಳ ಕೈ ಗಟ್ಟಿಯಿರಲಿ, ಅದಕ್ಕಿಂತ ಅವಳ ಮಾತು ಗಟ್ಟಿಯಿರಲಿ.

ನಿನ್ನವಳೇ ಆದ
ದ್ರೌಪದಿ