ಗಾಡಿಮನಿ ಬಾಗಲದ ಖಾಲಿ ಜಾಗಾ

ಏನ್ರಿ,

ಅತ್ತಿಯವರನ್ನ ಕರಕೊಂಡು ಹೆಬ್ಬಳ್ಳಿಗೆ ಹೊಂಟೇನಿ. ನಾಡದು ಬರ್ತೇವಿ. ರೊಟ್ಟಿ ಬುಟ್ಟ್ಯಾಗ ಅದಾವ, ಝುಣಕಾ ನೆಲುವಿನ್ಯಾಗ ಐತಿ.

ಫಟಫಟಿ ಹಿಂದ ಕಟ್ಟಿ ಎಳಕೊಂಡು ಹೋಗಾಕ, ಒಳಗ ಮಲಗಾಕ ಅಂತ ನೀವು ಮಾಡಾಕ ಹತ್ತಿದ ಗಾಡಿಮನಿಗೆ ಮೈದಾದ ಅಂಟು ಕುದಿಸಿ ಇಟ್ಟೇನಿ. ಪಂಕ್ಚರ್ ಸೊಲ್ಯೂಷನ್ ಮತ್ತ ಮುಟ್ಟಬ್ಯಾಡ್ರಿ. ಹೋದ ಸಲ ಅದನ್ನ ಹಚ್ಚಿದ್ದಕ್ಕ ಥರ್ಮಾಕೋಲ ಗ್ವಾಡಿ ಬೆಲ್ಲದಂಗ ಕರಗಿ ಹೋತು. ಗ್ವಾಡಿ ಹೊರಗ ನಿಮ್ಮ ಹಳೇ ಧೋತರ ಅಂಟಸ್ರಿ, ಒಳಗ ನನ್ನ ಹಸರ ಸೀರಿ. ಕತ್ತರಿ ಹಾಕಾಕ ಹಿಂದ ಮುಂದ ನೋಡಬ್ಯಾಡ್ರಿ, ನಾನ ತಗದಿಟ್ಟೇನಿ.

ಹಗುರ ಆಗಬೇಕಂತ ಹಾಸಗಿ ಅಗಲಾ ಎರಡೂವರಿ ಫೂಟಿಗೆ ಇಳಿಸೀರಿ. ಮೂರೂವರಿ ಮಾಡ್ರಿ. ಕಾರವಾರಕ್ಕ ಇಬ್ಬರು ಹೋಗೋರು ಅನ್ನೂದು ನೆನಪೈತಿಲ್ಲೊ?

ಬಾಗಲದ ಮ್ಯಾಲೆ ಮಾಲಕರ ಹೆಸರು ಬರಿ ಅಂತ ಬಣ್ಣಾ, ಕುಂಚಾ ಇಟ್ಟು ಹೋಗಿದ್ರಿ. ಲಗ್ನ ಆಗಿ ಆರು ವರ್ಷ ಆತು. ಆವತ್ತು ಎಲ್ಲಾರ ಮುಂದ ಒಡಪಿನ ಪದದಾಗ ಸೇರಿಸಿ ಹೇಳಿದ್ದು ಬಿಟ್ಟರ ನಿಮ್ಮ ಹೆಸರು ನನ್ನ ಬಾಯಾಗ ಬಂದಿಲ್ಲ. ಇನ್ನ ಅತ್ತಿಯವರ ಮುಂದ ಕುಂತು ಹೆಂಗ ಬರೀಲಿ? ಜಾಗಾ ಖಾಲಿ ಬಿಟ್ಟೇನಿ.

ಕಾರವಾರದಾಗ ಸಮುದ್ರದ ದಂಡಿಗೆ ಗಾಡಿ ನಿಲ್ಲಿಸಿದ ದಿನ, ಬಾಗಲಾ ಹಾಕ್ಕೊಂಡು, ಮೊದಲ ಒಮ್ಮೆ ಹೆಸರು ಹಿಡದು ಕರದು ನೋಡ್ತೇನಿ. ನೀವು ಓ ಅಂದ್ರ, ಆಮ್ಯಾಲೆ ಬರೀತೇನಿ.