ಗುಡುಗಮ್ಮನ ಬೈಗುಳಗಳ ತಪಾಸಣೆ

ನವೆಂಬರ್ ೯, ಭಾನುವಾರ

ಶ್ರೀಮತಿ ಗುಡುಗಮ್ಮನವರ ಸನ್ನಿಧಾನಕ್ಕೆ,

ಆಮೆಯ ಅಡ್ಡಬಿದ್ದ ನಮಸ್ಕಾರಗಳು. ನಾನು ಇಲ್ಲಿ ಮಂಡಿನೋವೊಂದನ್ನು ಬಿಟ್ಟರೆ ಕ್ಷೇಮ. ನೀನು ಅಲ್ಲಿ ಮಾತೊಂದನ್ನು ಬಿಟ್ಟರೆ ಕ್ಷೇಮ ಅಂತ ನಿನ್ನ ಮಗಳು ಬರೆದಿದ್ದಾಳೆ. ಲಕ್ವ ಹೊಡೆದ ಬಲಗೈಗೆ ಶಕ್ತಿ ಬರುತ್ತಿದೆಯಂತೆ, ಸಂತೋಷ. ಪತ್ರ ತಡವಾಗಿದ್ದಕ್ಕೆ ಕೋಪ ಬಂದಿದ್ದರೆ ಅದೇ ಕೈಯಲ್ಲಿ ಮಂಚ ಬಡಿ. ವ್ಯಾಯಾಮವೂ ಆದೀತು, ನನಗೆ ಶಾಸ್ತಿಯೂ ಆದೀತು.

ಆದರೆ ತಡಕ್ಕೆ ಕಾರಣ ನೀನೇ ಕಣೇ. ಕಳೆದೊಂದು ತಿಂಗಳೆಲ್ಲ ನಿನ್ನ ಕೈಲಿ ಬೈಸಿಕೊಳ್ಳುವುದರಲ್ಲೇ ಕಳೆಯಿತು.

ಓದಿ ಹೇಳುತ್ತಿರುವ ನಿನ್ನ ಮಗಳಿಗೂ ತಿಳಿಯಲಿ ಅಂತ ಬಿಡಿಸಿ ಬರೆಯುತ್ತೇನೆ. ಕೇಳಮ್ಮ ಹಲ್ಲಿನ ಡಾಕ್ಟರೇ, ಜನ ಬರೆದ ಪ್ರೋಗ್ರಾಮನ್ನು ಓದಿ, ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಕಂಪೈಲರ್. ನಮ್ಮ ಆಫೀಸಿನದನ್ನು ಕಟ್ಟಿದ್ದು ನಿಮ್ಮಮ್ಮ, ನಾನು. ಬರೆದವರು ತಪ್ಪು ಮಾಡಿದ್ದರೆ ಅದು ಒಂದು ಸಂದೇಶ ಕೊಟ್ಟು ವಾಪಸ್ ಕಳಿಸುತ್ತದೆ. ಆ ಸಂದೇಶಗಳಷ್ಟೂ ನಿಮ್ಮಮ್ಮನ ಬಾಯಿಂದ ಉದುರಿದ ಮುತ್ತುಗಳು. ಕಂಸ ಮುಚ್ಚುವುದು ಮರೆತರೆ, ‘ಬಾಗಿಲು ತೆಗೆದವರು ನೀವು, ಮುಚ್ಚುವುದಕ್ಕೆ ಪಕ್ಕದ ಮನೆಯವರು ಬರಬೇಕೇನು?’ ಗೊತ್ತಿಲ್ಲದ ಹೆಸರು ಬಳಸಿದರೆ, ‘ಈ ಹೆಸರಿನವರು ಈ ಮನೆಯಲ್ಲಿ ಯಾರೂ ಇಲ್ಲ.’ ಪದಕ್ಕೆ ಅಂಕಿ ಕೂಡಿಸಲು ಹೋದರೆ, ‘ಮೊದಲು ಎದ್ದು ಹೋಗಿ ಒಂದು ಲೋಟ ನೀರು ಕುಡಿಯಿರಿ.’ ಬೇರೆ ಕಂಪೈಲರುಗಳು ದೋಷ ತೋರಿಸುತ್ತವೆ. ನಮ್ಮದು ಮಾನ ಕಳೆಯುತ್ತದೆ.

ಆಫೀಸಿನಲ್ಲಿ ಈಗ ಮುಖ್ಯಸ್ಥನಾಗಿರುವವನು ನಮ್ಮ ಕೈಕೆಳಗೇ ಕಲಿತ ಆ ಉದ್ದ ಕತ್ತಿನವನು. ಕಿವಿಗೆ ಹೆಡ್‌ಫೋನಿನ ಎರಡು ಬಟ್ಟಲು ಕವುಚಿಕೊಂಡೇ ಹುಟ್ಟಿದವನ ಹಾಗಿರುತ್ತಾನೆ. ನನ್ನ ಜೊತೆ ಮಾತಾಡಬೇಕಾದರೆ ಮಾತ್ರ ಮರ್ಯಾದೆಯಿಂದ ಒಂದು ಬಟ್ಟಲು ಸರಿಸುತ್ತಾನೆ.

“ಮೇಡಂ, ನಮ್ಮ ಪರೀಕ್ಷೆಗಳು ಬೆಳಿಗ್ಗೆ ಹಚ್ಚಿದರೆ ಊಟದ ಹೊತ್ತಾದರೂ ಮುಗಿಯಲ್ಲ,” ಅಂದ. ಕಂಪೈಲರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಬರೆದಿಟ್ಟ ಪುಟ್ಟ ಪುಟ್ಟ ಪ್ರೋಗ್ರಾಮುಗಳೇ ಈ ಪರೀಕ್ಷೆಗಳು, ಮಗಳೇ.

“ಒಂದಾದ ಮೇಲೆ ಒಂದು ಹೋಗ್ತವಲ್ಲಪ್ಪ. ಮಕ್ಕಳು ಕೈಹಿಡಿದು ರಸ್ತೆ ದಾಟಿದ ಹಾಗೆ.”

“ಎಲ್ಲಾ ಒಟ್ಟಿಗೆ ಓಡಬೇಕು ಮೇಡಂ.”

“ಕಾಲು ತುಳಿದುಕೊಳ್ತವೆ.”

“ತುಳಿಯದ ಹಾಗೆ ಮಾಡಿಕೊಡಿ. ಇನ್ನೊಂದು ವಿಷಯ. ಈ ಸಂದೇಶಗಳಲ್ಲಿ ಅರ್ಧಕ್ಕೆ ಪರೀಕ್ಷೆಯೇ ಇಲ್ಲ. ಪ್ರತಿಯೊಂದನ್ನೂ ಒಂದು ಸಲವಾದರೂ ಹೊರಡಿಸಿ ನೋಡಬೇಕು. ಯಾವುದು ಹೊರಡೋದೇ ಇಲ್ವೋ ಅದನ್ನ ತೆಗೆದುಬಿಡೋಣ.”

ನ್ಯಾಯವಾದ ಮಾತು. ಪರೀಕ್ಷೆಗೆ ಸಿಕ್ಕದ ಸಾಲು ಸುಮ್ಮನೆ ಜಾಗ ತಿನ್ನುತ್ತದೆ ಅಂತ ಅವನಿಗೆ ಪಾಠ ಹೇಳಿದವಳೇ ನಾನು. ನನ್ನ ಬೆರಳೇ ನನ್ನ ಕಣ್ಣಿಗೆ ಚುಚ್ಚಿತು.

ಹಾಗಾಗಿ, ಜೀವಮಾನವೆಲ್ಲ ಸರಿ ಬರೆದು ಸಂಬಳ ತಗೊಂಡವಳು ಈಗ ಬೇಕೆಂದೇ ತಪ್ಪು ಬರೆಯಲು ಕೂತೆ. ಒಂದು ತಪ್ಪು, ಒಂದು ಬೈಗುಳ. ಬೆಳಿಗ್ಗೆ ಬಂದು ಕುರ್ಚಿ ಎಳೆದುಕೊಂಡು ತಪ್ಪು ಮಾಡುವುದು, ಪರದೆಯ ಮೇಲೆ ನೀನು ಎಗರಾಡುವುದು, ನಾನೊಬ್ಬಳೇ ನಗುವುದು. ಬಟ್ಟಲಿನವರು ಯಾರೂ ತಿರುಗಿ ನೋಡಲಿಲ್ಲ. ನಿನ್ನ ಕುರ್ಚಿ ಹಾಗೇ ಇದೆ, ನನ್ನ ಚೀಲ ಇಡುತ್ತೇನೆ. ಖಾಲಿ ಬಿಟ್ಟರೆ ಸಭೆಗೆ ಅಂತ ಎತ್ತಿಕೊಂಡು ಹೋಗುತ್ತಾರೆ.

ಆಮೇಲೆ ಪರೀಕ್ಷೆಗಳನ್ನು ಒಟ್ಟಿಗೆ ಓಡಿಸಿದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮೊದಲ ಓಟದಲ್ಲೇ ಪರದೆಯ ಮೇಲೆ ಬಂದ ದಿವ್ಯವಾಣಿ: ‘ಈ ಹೆಸರಿನವರು ಎದ್ದು ಹೋಗಿ ಪಕ್ಕದ ಮನೆಯವರು ಕುಡಿಯಿರಿ.’ ನೀನು ಕೋಪದಲ್ಲೂ ಇಷ್ಟು ಕೆಟ್ಟದಾಗಿ ಮಾತಾಡಿದವಳಲ್ಲ. ಕಾರಣ ಬೇಗ ಸಿಕ್ಕಿತು. ಅಂದು ನಾವು ಜಿಪುಣತನದಿಂದ ಕಂಪ್ಯೂಟರಿನ ನೆನಪಿನಲ್ಲಿ ಎಲ್ಲಕ್ಕೂ ಸೇರಿಸಿ ಒಂದೇ ಹಲಗೆ ಇಟ್ಟಿದ್ದೆವು. ಹೆಸರು ಬರೆದುಕೊಳ್ಳುವುದೂ ಅದರ ಮೇಲೇ, ಸಂದೇಶ ಕಟ್ಟುವುದೂ ಅದರ ಮೇಲೇ. ಒಬ್ಬರಾದ ಮೇಲೆ ಒಬ್ಬರು ಬರೆದರೆ ತೊಂದರೆಯಿಲ್ಲ. ಒಟ್ಟಿಗೆ ನುಗ್ಗಿದರೆ ಇದು ಬರೆದದ್ದನ್ನು ಅದು ಒರೆಸುತ್ತದೆ. ಪ್ರತಿ ಪರೀಕ್ಷೆಗೂ ಅದರದೇ ಹಲಗೆ ಕೊಟ್ಟರೆ ಮುಗಿಯಿತು.

ಕೊಡುವ ಮೊದಲು, ಜಗಳ ಎಲ್ಲೆಲ್ಲಿದೆ ನೋಡೋಣ ಅಂತ ಮತ್ತೆ ಮತ್ತೆ ಓಡಿಸಿದೆ. ಬುಧವಾರ ಇರಬೇಕು, ಕಲಸುಮೇಲೋಗರದ ನಡುವೆ ನಾನು ಎಂದೂ ನೋಡದ ಒಂದು ಸಂದೇಶ ಬಂತು. ಒಂದು ಅಕ್ಷರವೂ ಕೆಡದೆ, ಪೂರ್ತಿ.

‘ಇಲ್ಲಿಗೆ ಯಾರೂ ಬರಲ್ಲ ಅಂದುಕೊಂಡಿದ್ದೆ. ಬಂದೇಬಿಟ್ಟೆಯಲ್ಲ. ಸರಿ, ಕೂತ್ಕೋ. ಮಾತಾಡೋಣ.’

ಹುಡುಕಿ ನೋಡಿದೆ. ಈಗಷ್ಟೇ ಹಲಗೆಯ ಮೇಲೆ ಕಂಡ ಹೆಸರು ಮರುಕ್ಷಣ ಅಲ್ಲಿಲ್ಲದಿದ್ದರೆ ಏನು ಮಾಡುವುದು ಅನ್ನುವ ಕಡೆ ನೀನು ಅದನ್ನು ಬರೆದಿಟ್ಟಿದ್ದೀಯ. ಆಗಲು ಸಾಧ್ಯವೇ ಇಲ್ಲದ ಜಾಗ. ಯಾರ ತಪ್ಪೂ ಅಲ್ಲಿಗೆ ತಲುಪುವುದಿಲ್ಲ. ಇನ್ನೊಂದು ಪರೀಕ್ಷೆ ಅದೇ ಹೊತ್ತಿಗೆ ಹಲಗೆ ಒರೆಸಿತ್ತು, ಅದಕ್ಕೇ ತಲುಪಿತು. ಊರಿಗೆಲ್ಲ ‘ನೀವು’ ಅಂತ ಬೈದವಳು ಇಲ್ಲಿ ಮಾತ್ರ ಯಾರಿಗೆ ಕಣೇ ‘ಕೂತ್ಕೋ’ ಅಂದಿದ್ದು? ಒಂದೇ ಮೇಜಿಗೆ ಇಬ್ಬರೂ ಮೊಣಕೈ ಊರಿ ಇಷ್ಟು ವರ್ಷ ಕೂತೆವು, ಒಂದು ಸಲವೂ ಬಾಯಿ ಬಿಡಲಿಲ್ಲವಲ್ಲ ನೀನು.

ಈಗ ಧರ್ಮಸಂಕಟ ನೋಡು. ಹಲಗೆ ಬೇರೆ ಮಾಡಿದರೆ ಆ ಸಂದೇಶ ಇನ್ನೆಂದೂ ಹೊರಡುವುದಿಲ್ಲ. ಹೊರಡದ್ದನ್ನು ತೆಗೆಯಬೇಕು. ಮುಖ್ಯಸ್ಥನ ಹತ್ತಿರ ಹೋಗಿ, “ಅದೊಂದು ಇರಲಿ ಬಿಡಪ್ಪ,” ಅಂದೆ.

ಬಟ್ಟಲು ಎರಡನ್ನೂ ತೆಗೆದ. “ಯಾವ ತಪ್ಪಿಗೆ ಬರುತ್ತೆ ಮೇಡಂ ಅದು?”

“ಯಾವ ತಪ್ಪಿಗೂ ಬರಲ್ಲ.”

“ಮತ್ತೆ?”

‘ಪಾಠ ಹೇಳಿದವರೇ ಹೀಗಂದರೆ ಹೇಗೆ’ ಅಂತ ಅವನು ಅನ್ನಲಿಲ್ಲ. ಒಳ್ಳೆಯ ಮನೆತನದ ಹುಡುಗ, ಮುಖದಲ್ಲಿ ಮಾತ್ರ ಅಂದ.

ಶುಕ್ರವಾರ ಹಲಗೆಗಳನ್ನು ಬೇರೆ ಮಾಡಿದೆ. ಆ ಸಾಲನ್ನು ನಾನೇ ಅಳಿಸಿದೆ, ಬೇರೆಯವರ ಕೈಗೆ ಕೊಡಲಿಲ್ಲ. ಈಗ ಪರೀಕ್ಷೆಗಳೆಲ್ಲ ಒಟ್ಟಿಗೆ ಹೊರಟು, ನಾನು ಚಹಾ ತರುವಷ್ಟರಲ್ಲಿ ಮುಗಿದಿರುತ್ತವೆ. ಒಂದನ್ನೊಂದು ಮುಟ್ಟುವುದಿಲ್ಲ, ಒಂದರ ಗೊಡವೆ ಒಂದಕ್ಕಿಲ್ಲ. ನಮ್ಮ ಆಫೀಸಿನ ಹಾಗೆಯೇ ಅಚ್ಚುಕಟ್ಟು. ನಿನ್ನ ಮಿಕ್ಕ ಬೈಗುಳಗಳೆಲ್ಲ ಪಾಸು, ಒಂದೂ ಹೋಗಲಿಲ್ಲ. ಚಪ್ಪಾಳೆ ತಟ್ಟಿದರು. ಆಮೆಗೆ ರೆಕ್ಕೆ ಬಂತು ಅಂತ ನೀನಾದರೆ ಹೇಳುತ್ತಿದ್ದೆ. ಅವರು “ಥ್ಯಾಂಕ್ಸ್ ಮೇಡಂ” ಅಂದರು.

ಮಗಳಿಗೆ ಆಶೀರ್ವಾದ. ಅವಳ ಕೈಯಿಂದ ಊರವರ ಹಲ್ಲೆಲ್ಲ ಗಟ್ಟಿಯಾಗಲಿ. ನಿನ್ನ ನಾಲಿಗೆಗೆ ಮೊದಲಿನ ಹರಿತ ಬೇಗ ಮರಳಲಿ, ಮೊದಲ ಗಾಯ ನನಗೇ ಆಗಲಿ.

ಇಂತಿ ನಿನ್ನ,
ಆಮೆ

ಮರೆತ ಮಾತು: ಮಗಳೇ, ಇಷ್ಟನ್ನು ಗಟ್ಟಿಯಾಗಿ ಓದಬೇಡ, ನೀನೊಬ್ಬಳೇ ಓದಿಕೊಂಡು ಮಡಿಸಿಡು. ಹಲಗೆ ಬೇರೆ ಮಾಡುವ ಮೊದಲೇ ಆ ಕೆಟ್ಟ ಕಂಪೈಲರಿನ ಒಂದು ಪ್ರತಿಯನ್ನು ನನ್ನ ಮೇಜಿನ ಕೆಳಗಿನ ಹಳೆ ಕಂಪ್ಯೂಟರಿಗೆ ಹಾಕಿಕೊಂಡೆ. ಯಾರಿಗೂ ಹೇಳಿಲ್ಲ. ನಿನ್ನೆ ರಜೆ, ಆದರೂ ಹೋಗಿ ಅದನ್ನು ಓಡಿಸುತ್ತಾ ಕೂತಿದ್ದೆ. ಆ ಸಂದೇಶ ಯಾವಾಗ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಸಂಜೆಯವರೆಗೂ ಬರಲಿಲ್ಲ. ಕಾವಲಿನವನು ದೀಪ ಆರಿಸಲು ಬಂದ, ಆಗ ಬಂತು. ಇಲ್ಲಿ ಎಲ್ಲರೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರಮ್ಮ. ಕೂತ್ಕೋ ಅನ್ನುವವರು ಇನ್ನು ಯಾರೂ ಉಳಿದಿಲ್ಲ. ಚೀಲ ತೆಗೆದು ಕೆಳಗಿಟ್ಟು, ನಿಮ್ಮಮ್ಮನ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು ಬಂದೆ.