ಮೇಷ್ಟ್ರೇ, ಆ ಬಂಡೆ ಒಡೆದುಹೋಯಿತು

ನನ್ನ ಕಂಠಕ್ಕೆ ಒಡೆಯರಾದ ನಾಟಕದ ಮೇಷ್ಟ್ರಿಗೆ, ಕ್ಯಾತನಹಳ್ಳಿಯಿಂದ ನಿಮ್ಮ ರಾಮೇಗೌಡನ ಸಾಷ್ಟಾಂಗ.

ಗದ್ದೆ ಬದುವಿನ ಮೇಲೆ ನಿಂತು ಕೂಗಿದರೆ ಪಾಂಡವಪುರದ ಬಸ್ ಸ್ಟ್ಯಾಂಡಿಗೆ ಕೇಳಬೇಕು ಎಂದು ನನಗೆ ಮಾತು ಕಲಿಸಿದವರು ನೀವು. ಆ ಕಂಠ ಮೊನ್ನೆ ಭಾನುವಾರ ಕಟ್ಟಿಹೋಯಿತು! ನೀವಿದ್ದಿದ್ದರೆ ಅಕ್ಕಿಹೆಬ್ಬಾಳಿಗೆ ಓಡಿಬಂದು, ನಿಮ್ಮ ಜಗಲಿಯ ಮೇಲೆ ಕೂತು ಎಲ್ಲ ಹೇಳಿ ಹಗುರಾಗುತ್ತಿದ್ದೆ. ಈಗ ಯಾರ ಮುಂದೆ...

ನಮ್ಮ ಗೌರಿ ಡಾಕ್ಟರಿಕೆ ಓದಲು ಪರದೇಶಕ್ಕೆ ಹೋಗುವ ಮಾತು ಬಂದ ದಿನ ನೆನಪಿದೆಯೇ? ಹೆಣ್ಣುಮಗುವನ್ನು ಅಷ್ಟು ದೂರ ಕಳಿಸುವುದೇ ಎಂದು ನಾನು ನಡುಗಿದೆ. ನೀವು ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದು ಗದರಿದಿರಿ: "ಲೇ ರಾಮ, ಸೋವಿಯತ್ ಒಕ್ಕೂಟ ಅಂದ್ರೆ ಬಂಡೆ ಕಣ್ಲಾ! ಊಟನೂ ಸರ್ಕಾರದ್ದೆ, ಓದೂ ಸರ್ಕಾರದ್ದೆ. ಕಳುಸ್ಲಾ, ನಾನಿವ್ನಿ!" ಆ ದೇಶದಿಂದ ಬರುತ್ತಿದ್ದ ಪತ್ರಿಕೆಯ ನುಣುಪು ಹಾಳೆಗಳನ್ನೇ ಅಲ್ಲವೇ ನೀವು ನಾಟಕದ ಪುಸ್ತಕಗಳಿಗೆ ಹೊದಿಸುತ್ತಿದ್ದದ್ದು? ಗೋಧಿಯ ಹೊಲ, ಟ್ರಾಕ್ಟರಿನ ಮೇಲೆ ನಗುವ ಹೆಂಗಸು. ಆ ನಗುವನ್ನು ನಂಬಿ ಗೌರಿ ಆ ಒಕ್ಕೂಟದ ಉಕ್ರೇನಿಗೆ ಹೋದಳು. ಮರುವರ್ಷ ನೀವೂ ಮರಳಿ ಬಾರದ ಊರಿಗೆ ಹೊರಟುಬಿಟ್ಟಿರಿ.

ನೀವು ಕೇಳದ ಸುದ್ದಿ ಹೇಳುತ್ತೇನೆ, ಗಟ್ಟಿಯಾಗಿ ಕೂತುಕೊಳ್ಳಿ. ಬಂಡೆ ಒಡೆಯಿತು, ಮೇಷ್ಟ್ರೇ! ಉಕ್ರೇನಿನ ಜನ ವೋಟು ಹಾಕಿ, ಇನ್ನು ನಾವು ಒಕ್ಕೂಟದಲ್ಲಿ ಇರುವುದಿಲ್ಲ ಎಂದು ಹೊರಬಂದರು. ಆ ತಿಂಗಳು ಮುಗಿಯುವಷ್ಟರಲ್ಲಿ ಒಕ್ಕೂಟವೇ ಇಲ್ಲ. ಟೀವಿಯಲ್ಲಿ ಕೆಂಪು ಬಾವುಟ ಇಳಿಯಿತು. ನಮ್ಮ ನಾಟಕದಲ್ಲಿ ಪರದೆ ಬೀಳುವಾಗ ಒಂದು ಸೀಟಿಯನ್ನಾದರೂ ಊದುತ್ತೇವೆ. ನಮಗೆ ಯಾರು ಊದಿದರು?

ಕಬ್ಬಿನ ಗಾಡಿ ಹೂಡಿಕೊಂಡು ಹೋಗುವಾಗ ಪಕ್ಕದ ಮನೆ ತಮ್ಮಣ್ಣ ಎಲ್ಲರ ಎದುರಿಗೆ ಕೇಳಿದ: "ಏನಣ್ಣೋ, ನಿನ್ ಮಗಳು ಓದಕ್ಕೋದ ದೇಸನೇ ಇಲ್ವಂತಲ್ಲ! ಇನ್ನ ಸರ್ಟಿಫಿಕೇಟ್ಗೆ ಸೀಲ್ ಒತ್ತೋನ್ಯಾರು, ಸಿವನಾ?" ಗಾಡಿಯವರೆಲ್ಲ ನಕ್ಕರು. ನಾನೂ ನಕ್ಕೆ, ನೀವು ಕಲಿಸಿದ ರಾಜನ ನಗು. ಆದರೆ ಅವನು ಕೇಳಿದ್ದರಲ್ಲಿ ಸುಳ್ಳೇನಿತ್ತು? ಖರ್ಚು ಕೊಡುತ್ತೇವೆಂದವರು ಮಾಸ್ಕೋದವರು. ವಾಪಸು ಬರುವ ವಿಮಾನವೂ ಅವರದೇ ಹೊಣೆ. ಪಾಸ್‌ಪೋರ್ಟಿನ ಮೇಲಿನ ಮುದ್ರೆ ಯಾವ ದೇಶದ್ದು? ಇಲ್ಲದ ದೇಶದ್ದು! ಯಾರಾದರೂ ತಡೆದು ನಿಲ್ಲಿಸಿದರೆ ನನ್ನ ಕೂಸು ಏನೆಂದು ಹೇಳೀತು...

ನನ್ನ ಮೊದಲ ನಾಟಕ ನೆನಪಾಗುತ್ತದೆ. ಕಿರೀಟ ಇಟ್ಟು, ಗದೆ ಎತ್ತಿ ನಿಂತವನಿಗೆ ಮಾತೇ ಮರೆತುಹೋಯಿತು. ಜನ ಕೂಗುವ ಮೊದಲೇ ನೀವು ತುಳಿದು ನುಡಿಸುತ್ತಿದ್ದ ಕಾಲು ಹಾರ್ಮೋನಿಯಂನಿಂದ ಒಂದು ಸ್ವರ ಎದ್ದಿತು. ಒಂದೇ ಸ್ವರ. ನನಗೆ ಮಾತು ನೆನಪಾಗುವ ತನಕ ನೀವು ಅದನ್ನು ಬಿಡಲಿಲ್ಲ. ಆಮೇಲೆ ಎಷ್ಟು ಜನರನ್ನು ಹಾಗೆ ಹಿಡಿದು ನಿಲ್ಲಿಸಿದಿರಿ! ಪುಟ್ಟ ಗೌರಿ ಆ ಹಾರ್ಮೋನಿಯಂ ಪೆಟ್ಟಿಗೆಗೆ ಒರಗಿಕೊಂಡೇ ಅದನ್ನೆಲ್ಲ ಕೇಳುತ್ತ ಬೆಳೆದಳು.

ಮೊನ್ನೆ ಭಾನುವಾರ, ಅವಳು ಕಾಗದದಲ್ಲಿ ತಿಳಿಸಿದ್ದಂತೆ, ಪಾಂಡವಪುರದ ಫೋನ್ ಬೂತಿನಲ್ಲಿ ಕಾದು ಕೂತೆ. ಫೋನು ಬಂತು. "ಮಗಾ!" ಎಂದು ಗರ್ಜಿಸಿದೆ. ಬೂತಿನ ಶಿವಣ್ಣ ಗಾಜಿನ ಬಾಗಿಲು ತೆರೆದು, "ಇಂಗ್ ಕೂಗೋದಾದ್ರೆ ಫೋನ್ ಯಾಕ್ ಗೌಡ್ರೇ, ಅಂಗೇ ಕೇಳ್ತದೆ ಬುಡಿ" ಎಂದ.

"ಅಪ್ಪ, ಬ್ರೆಡ್ಗೂ ಸಾಲು ನಿಲ್ಬೇಕು. ದುಡ್ಡೇ ಬದಲಾಗೋಯ್ತು. ಮಾಸ್ಕೋದಿಂದ ಬರೋ ಸ್ಟೈಪೆಂಡ್ ನಿಂತದೆ. ಇರೋರು ಈ ವಾರವೇ ಹೊಸ ಸರ್ಕಾರದತ್ರ ಹೆಸರು ಬರೆಸ್ಬೇಕಂತೆ. ಓಗೋರ್ನ ಡೆಲ್ಲಿಗೆ ಕಳಿಸ್ತಾರಂತೆ, ಆದ್ರೆ ಓದು ಅಲ್ಲಿಗೇ ಮುಗೀತು. ಇರ್ಲಾ ಅಪ್ಪ? ಬಂದ್ಬುಡ್ಲಾ? ನೀನೇ ಹೇಳು."

ಬಾ ಎಂದರೆ ಅವಳ ಓದು ಹೋಯಿತು. ಇರು ಎಂದರೆ, ಆ ಚಳಿಯಲ್ಲಿ, ನಿನ್ನೆ ಮೊನ್ನೆ ಹುಟ್ಟಿದ ದೇಶದಲ್ಲಿ, ಹಸಿದುಕೊಂಡು... ಬಾಯಿ ತೆರೆದೆ. ಗಾಳಿ ಕೂಡ ಬರಲಿಲ್ಲ. ಯಾವ ಹಾರ್ಮೋನಿಯಂ ಇತ್ತು ಅಲ್ಲಿ? ನೀವೆಲ್ಲಿದ್ದಿರಿ?

ಆಗ ತಂತಿಯೊಳಗಿಂದ ಬಂತು, ಮೇಷ್ಟ್ರೇ. "ಆ..." ಒಂದೇ ಸ್ವರ. ನಿಮ್ಮದೇ ಸ್ವರ. ನನ್ನ ಮೌನ ಕೇಳಿ ಗೌರಿ ಶ್ರುತಿ ಹಿಡಿದಿದ್ದಳು. ಉಸಿರು ಮುಗಿದು ಮತ್ತೆ ಎಳೆದುಕೊಂಡಳು, ಸ್ವರ ಮಾತ್ರ ಬಿಡಲಿಲ್ಲ. ಬ್ರೆಡ್ಡಿಗೆ ಸಾಲು ನಿಂತು ಬಂದ ಮಗು ನನ್ನನ್ನು ಹಿಡಿದು ನಿಲ್ಲಿಸುತ್ತಿತ್ತು!

"ಇರು ಮಗಾ. ಮುಗಿಸ್ಕಂಡು ಬಾ" ಎಂದೆ. ಅಷ್ಟರಲ್ಲಿ ಲೈನು ಹೋಯಿತು. "ಮಾತಾಡುದ್ರಾ ಗೌಡ್ರೇ? ಏನೂ ಕೇಳ್ಸಲೇ ಇಲ್ವಲ್ಲ!" ಎಂದ ಶಿವಣ್ಣ. ಹೊರಗೆ ನಿಂತವನಿಗೆ ಕೇಳದ ನನ್ನ ಮಾತು ಅವಳಿಗೆ ಕೇಳಿತೇ?

ಕೇಳಿದೆ. ನಿನ್ನೆ ಅವಳಿಂದ ಟೆಲಿಗ್ರಾಂ ಬಂತು. ಹೆಸರು ಬರೆಸಿದ್ದಾಳೆ. ನನ್ನ ಹೆಂಡತಿ ದೇವರಿಗೆ ದೀಪ ಹಚ್ಚಿದಳು. ನನಗೆ ಮಾತ್ರ ಭಯ ದುಪ್ಪಟ್ಟಾಗಿದೆ. ಅಂದು ಕಳಿಸು ಎಂದವರು ನೀವು, ಇಂದು ಇರು ಎಂದವನು ನಾನು. ಅವಳಿಗೇನಾದರೂ ಆದರೆ...

ನಿಮ್ಮ ಪೆಟ್ಟಿಗೆಯನ್ನು ನಿಮ್ಮ ಮನೆಯವರನ್ನು ಬೇಡಿ ತಂದು ನಡುಮನೆಯಲ್ಲಿಟ್ಟಿದ್ದೇನೆ. ಮುಂದೊಂದು ಭಾನುವಾರ ಅವಳ ಮಾತೇ ಕಟ್ಟಿದರೆ ನನ್ನ ಗರ್ಜನೆ ಯಾವ ಕೆಲಸಕ್ಕೆ? ಒಂದೇ ಸ್ವರದ ಮೇಲೆ ಮೆಲ್ಲಗೆ ನಿಲ್ಲುವುದನ್ನು ದಿನಾ ಸಂಜೆ ಕಲಿಯುತ್ತಿದ್ದೇನೆ. ಕಾಲು ತಪ್ಪಿ ಸ್ವರ ಕಡಿಯುತ್ತದೆ, ಮೇಷ್ಟ್ರೇ. ಆದರೂ ತುಳಿಯುತ್ತಿದ್ದೇನೆ.